ಇಟಲಿಯಲ್ಲಿ ಹುಲ್ಲು, ಊರಲ್ಲಿ ಕಡಲೆ

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಜುಲೈನಲ್ಲಿ ಮೂರು ವಾರ ರಜೆ ಹಾಕಿ ಇಟಲಿಗೆ ಹೋಗಿದ್ದಳು. ಊರು ನೋಡುವುದಕ್ಕಲ್ಲ, ಹೊಲದಲ್ಲಿ ದುಡಿಯುವುದಕ್ಕೆ! ದೀಪಾವಳಿಗೆ ರೋಣ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಾಗ ನಮ್ಮವ್ವನ ಪಕ್ಕ ಕುಳಿತು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಹಿಮ ಹೊತ್ತ ಬೆಟ್ಟ, ಅದರ ಕೆಳಗೆ ಇಳಿಜಾರಿನ ಹುಲ್ಲುಗಾವಲು, ಕೈಯಲ್ಲಿ ಮರದ ಕುಂಟೆಯಂಥದು ಹಿಡಿದು ಒಣಹುಲ್ಲು ಎಳೆಯುತ್ತಿರುವ ಇವಳು.

"ಪಗಾರ ಎಷ್ಟ ಕೊಟ್ರು?" ಅವ್ವ ಕೇಳಿದಳು.

"ಪಗಾರ ಇಲ್ಲಮ್ಮಾ. ಊಟ ಹಾಕ್ತಾರ, ಮಲಗಾಕ ಖೋಲಿ ಕೊಡ್ತಾರ." (ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಅಜ್ಜಿಗೆ ಅಮ್ಮ ಎನ್ನುತ್ತಾರೆ.)

ಅವ್ವನಿಗೆ ನಗು ತಡೆಯಲಾಗಲಿಲ್ಲ. "ವಿಮಾನದ ರೊಕ್ಕಾ ಕೊಟ್ಟು ಹೋಗಿ, ಮಂದಿ ಹೊಲದಾಗ ಪುಕ್ಕಟೆ ಹುಲ್ಲ ಎಳದ ಬಂದೀಯೇನ? ಇಲ್ಲೆ ನಮ್ಮ ಕಡ್ಲಿ ಕೀಳಾಕ ಆಳ ಸಿಗವಲ್ರು. ಬರತೀಯೇನ?"

ಅವ್ವ ನಕ್ಕಳಾದರೂ ಅದು ಬರೀ ಚೇಷ್ಟೆಯ ಮಾತಲ್ಲ. ಅಪ್ಪ ತೀರಿಕೊಂಡ ಮೇಲೆ ಆರು ಎಕರೆ ಎರೆ ಹೊಲ ಅವಳೊಬ್ಬಳ ಮೇಲಿದೆ. ಮುಂದಿನ ವರ್ಷ ಹೊಲವನ್ನು ಲಾವಣಿಗೆ ಹಾಕಿಬಿಡುತ್ತೇನೆ ಎಂದು ಆಗಾಗ ಹೇಳುತ್ತಿದ್ದಳು.

ಇಟಲಿಯಲ್ಲಿ ನಮ್ಮ ಹುಡುಗಿ ಮಾಡಿದ ಕೆಲಸಕ್ಕೆ 'ವೂಫ್' ಎನ್ನುತ್ತಾರೆ. ಮಕ್ಕಳೇ, ಇದು ನಾಯಿ ಬೊಗಳುವ ಸದ್ದಲ್ಲ! 1971ರಲ್ಲಿ ಲಂಡನ್ನಿನ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಸೂ ಕಾಪರ್ಡ್ ಎಂಬ ಮಹಿಳೆಗೆ ಹಳ್ಳಿಯ ಗಾಳಿ ಬೇಕೆನಿಸಿತು. ಹೋಗಿ ಉಳಿಯಲು ಹಳ್ಳಿಯಲ್ಲಿ ನೆಂಟರಿರಲಿಲ್ಲ. ಸಸೆಕ್ಸ್‌ನ ಒಂದು ಸಾವಯವ ತೋಟದವರನ್ನು ಕೇಳಿ, ವಾರದ ಕೊನೆಗೆ ಕೆಲವರನ್ನು ಕರೆದುಕೊಂಡು ಹೋಗಿ ದುಡಿದು ಬಂದರು. ಆ ಸಣ್ಣ ಪ್ರಯತ್ನವೇ ಬೆಳೆದು ಈಗ ಹತ್ತಾರು ದೇಶಗಳಿಗೆ ಹಬ್ಬಿದೆ. ಭಾರತದಲ್ಲೂ ಇದೆ. ದಿನಕ್ಕೆ ನಾಲ್ಕರಿಂದ ಆರು ತಾಸು ಕೆಲಸ, ಪ್ರತಿಯಾಗಿ ಊಟ, ವಸತಿ. ಉಳಿದ ಹೊತ್ತಿನಲ್ಲಿ ಸುತ್ತಾಟ. ಇಟಲಿಯ ಬೆಟ್ಟದ ಹಾದಿಗಳಲ್ಲಿ ಬಂಡೆಗಳಿಗೂ ಮರಗಳಿಗೂ ಕೆಂಪು, ಬಿಳಿ ಪಟ್ಟೆ ಬಳಿದು ಹಾದಿಯ ನಂಬರು ಬರೆದಿರುತ್ತಾರೆ. ಅದನ್ನು ನೋಡುತ್ತಾ ನಡೆದರೆ ಹೊಸಬರೂ ದಾರಿ ತಪ್ಪುವುದಿಲ್ಲವಂತೆ. ಹೀಗೆ ಹೋಗುವ ಆಸೆ ಇರುವವರಿಗೆ ಒಂದು ಮಾತು: ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು. ಪ್ರವಾಸಿ ವೀಸಾದ ಮೇಲೆ ಇಂಥ ಕೆಲಸ ಮಾಡಲು ಹಲವು ದೇಶಗಳು ಒಪ್ಪುವುದಿಲ್ಲ. ಯಾವ ವೀಸಾ ಬೇಕೆಂದು ಆಯಾ ದೇಶದ ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಅವ್ವನ ಮಾತು ಹುಡುಗಿಗೆ ನಾಟಿತ್ತು. ಫೆಬ್ರುವರಿ ಮೊದಲ ವಾರ, ಏಳನೇ ತರಗತಿಯ ತಮ್ಮನನ್ನೂ ಕಟ್ಟಿಕೊಂಡು ಬಂದೇಬಿಟ್ಟಳು. ನಾಲ್ಕು ದಿನದ ಲೆಕ್ಕ ಹಾಕಿದ್ದರು. ಎರಡು ದಿನ ಕಡಲೆ ಕೀಳುವುದು, ಒಂದು ದಿನ ಗಜೇಂದ್ರಗಡದ ಗುಡ್ಡ, ಇನ್ನೊಂದು ದಿನ ನರಗುಂದದ ಗುಡ್ಡ.

ಕಡಲೆ ಕೀಳಲು ನಸುಕಿನಲ್ಲೇ ಹೊಲಕ್ಕೆ ಹೋಗಬೇಕು. ಇಬ್ಬನಿಯಿಂದ ಗಿಡ ಮೆತ್ತಗಿರುವಾಗ ಕಿತ್ತರೆ ಕಾಯಿ ಉದುರುವುದಿಲ್ಲ. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಆದರೆ ಗಿಡದ ಎಲೆ, ಕಾಯಿಗಳ ಮೇಲೆ ಹುಳಿ ಒಸರುತ್ತದೆ. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳೇ ಆ ಹುಳಿ. ಹಿಂದಿನವರು ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಹುಳಿ ತೆಗೆದಿಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಮನೆಮದ್ದು. ಒಂದು ತಾಸಿನೊಳಗೆ ಹುಡುಗನ ಬೆರಳು ಚುರುಚುರು ಎನ್ನತೊಡಗಿದವು. ಅವ್ವ ತನ್ನ ಹಳೇ ಸೀರೆ ಹರಿದು ಇಬ್ಬರ ಕೈಗೂ ಸುತ್ತಿದಳು.

"ಇಟಲಿಯಾಗ ಹಿಂಗಿತ್ತೇನಕ್ಕಾ?" ಎಂದ ತಮ್ಮ.

"ಅಲ್ಲಿ ಕೈಗವಸು ಕೊಟ್ಟಿದ್ರು," ಎಂದಳು ಅಕ್ಕ.

ಹೊತ್ತೇರುವ ಮೊದಲೇ ಬದುವಿನಾಚೆಯ ಹೊಲದ ಕಾಕಾ, ಕಾಕು ಇಬ್ಬರೂ ಬಂದು ಸಾಲು ಹಿಡಿದರು. ಯಾರೂ ಕರೆದಿರಲಿಲ್ಲ. ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ಖಟಕ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕೈಯಲ್ಲೇ ಗುದ್ದಿದ ಉಳ್ಳಾಗಡ್ಡಿ. ಕಾಕಾನಿಗೆ ಕೂಲಿ ಎಷ್ಟೆಂದು ಹುಡುಗ ಕೇಳಿದಾಗ ಅವ್ವ ಹೇಳಿದಳು: "ಕೂಲಿ ಅಲ್ಲಪಾ, ಇದು ಮುಯ್ಯಿ."

ಹಿರಿಯ ಓದುಗರಿಗೆ ಮುಯ್ಯಾಳಿನ ಪದ್ಧತಿ ಹೊಸದಲ್ಲ. ಇಂದು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ರೊಕ್ಕದ ಮಾತಿಲ್ಲ, ಕಾಗದವಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಒಬ್ಬರ ಕಷ್ಟಕ್ಕೆ ಒಬ್ಬರು ಹೆಗಲಾಗುವ ಈ ಗುಣ ನಮ್ಮ ನೆಲದ್ದೇ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಸಹಕಾರ ಸಂಘ ದೇಶಕ್ಕೇ ಮೊದಲನೆಯದೆಂದು ಹೆಸರಾಗಿದೆ. ಈಗ ರಾಶಿ ಮಾಡುವ ಯಂತ್ರ ಬಂದಿದೆ, ಹುಡುಗರು ಪಟ್ಟಣ ಸೇರಿದ್ದಾರೆ, ಮುಯ್ಯಿಗೆ ಬರುವವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ.

ಮೂರನೇ ದಿನ ಗಜೇಂದ್ರಗಡಕ್ಕೆ ಹೊರಟೆವು. ಹಾದಿಯಲ್ಲಿ ಸೂಡಿಯಲ್ಲಿ ಇಳಿದು ಜೋಡು ಕಳಸದ ಗುಡಿ, ಕಲ್ಲಿನ ಮೆಟ್ಟಿಲುಗಳ ನಾಗಕುಂಡ ನೋಡಿದೆವು. ಸಾವಿರ ವರ್ಷದ ಹಿಂದೆ ಕಲ್ಯಾಣದ ಚಾಲುಕ್ಯರ ಮನೆತನದ ಅಕ್ಕಾದೇವಿ ಈ ಸುತ್ತಿನ ಕಿಸುಕಾಡು ನಾಡನ್ನು ಆಳಿದ್ದಳು. "ಆಗೇ ಹೆಣ್ಣು ಆಳತಿದ್ಲು ನೋಡು," ಎಂದು ಅಕ್ಕ ತಮ್ಮನನ್ನು ಚುಚ್ಚಿದಳು.

ಗಜೇಂದ್ರಗಡದಲ್ಲಿ ಕಪ್ಪು ನೆಲ ಮುಗಿದು ಕೆಂಪು ಕಲ್ಲಿನ ಗುಡ್ಡ ಏಳುತ್ತದೆ. ಬಾದಾಮಿಯ ಬಂಡೆಗಳಂತೆ ಇದೂ ಮರಳುಗಲ್ಲು. ಗುಡ್ಡ ಆನೆಯ ಹಾಗೆ ಕಾಣುತ್ತದೆ, ಅದಕ್ಕೇ ಈ ಹೆಸರು ಎನ್ನುತ್ತಾರೆ. ಟಿಪ್ಪು ಸುಲ್ತಾನನಿಗೂ ಮರಾಠರಿಗೂ 1787ರಲ್ಲಿ ಆದ ಒಪ್ಪಂದ ಚರಿತ್ರೆಯಲ್ಲಿ ಈ ಊರಿನ ಹೆಸರಿನಿಂದಲೇ ಉಳಿದಿದೆ. ಮೆಟ್ಟಿಲು ಹತ್ತಿ ಕಾಲಕಾಲೇಶ್ವರನ ದರ್ಶನ ಮಾಡಿದೆವು. ಅಲ್ಲಿಯ ಅಂತರಗಂಗೆಯಲ್ಲಿ ಮರದ ಬೇರಿನ ಸಂದಿನಿಂದ ನೀರು ಇಳಿಯುತ್ತದೆ. ಸುತ್ತಲಿನ ಬಯಲೆಲ್ಲ ಒಣಗಿದ್ದರೂ ಆ ನೀರು ತಣ್ಣಗಿತ್ತು. ಹುಡುಗ ಉರಿಯುವ ಬೆರಳುಗಳನ್ನು ಅದರಲ್ಲಿ ಹಿಡಿದು ಬಹಳ ಹೊತ್ತು ನಿಂತ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಜನ ಅವಕ್ಕೆ 'ಫ್ಯಾನು' ಎನ್ನುತ್ತಾರೆ. ಇಲ್ಲಿ ಬಂಡೆಗಳ ಮೇಲೆ ಕೆಂಪು, ಬಿಳಿ ಪಟ್ಟೆಗಳಿಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಕೋಲು ಚಾಚಿ, "ಆ ಕಲ್ಲ ಬಲಕ್ಕ ಹಾದು ಹೋಗ್ರಿ, ಎಡಕ್ಕ ಜಾರತೈತಿ," ಎಂದು ದಾರಿ ತೋರಿದ.

ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಮೆಲ್ಲಗೆ ಹೇಳಿದಳು: "ನಾಳೆ ಕಾಕಾನ ಕಡ್ಲಿ ಕೀಳ್ತಾರ. ನನಗ ಮೊಣಕಾಲು ಏಳವಲ್ಲದು. ನೀವು ನರಗುಂದಕ್ಕ ಹೋಗಿ ಬರ್ರಿ, ನಾ ಏನರ ಹೇಳತೀನಿ."

ಯಾರೂ ಮಾತಾಡಲಿಲ್ಲ. ಹುಡುಗನಿಗೆ ನರಗುಂದದ ಕೋಟೆ ನೋಡುವ ಆಸೆ ಬಹಳ ಇತ್ತು. ಅಕ್ಕ ಒಂದಷ್ಟು ಹೊತ್ತು ರೊಟ್ಟಿ ಮುರಿಯುತ್ತಾ ಕುಳಿತು, "ಇಟಲಿಯಾಗ ಊಟ ಹಾಕಿದ್ರು, ಲೆಕ್ಕ ಮುಗೀತು. ಇಲ್ಲಿ ಮುಗಿಯೂದಿಲ್ಲ ಅಲ್ಲಮ್ಮಾ?" ಎಂದಳು. ಬೆಳಿಗ್ಗೆ ಮೂವರೂ ಕಾಕಾನ ಹೊಲದಲ್ಲಿದ್ದೆವು.

ನೋಡದ ನರಗುಂದವನ್ನು ಬುತ್ತಿಯ ಹೊತ್ತಿನಲ್ಲಿ ನಾನು ಕಥೆ ಮಾಡಿ ಹೇಳಿದೆ. ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪದಿದ್ದಾಗ, 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಬಂಡೆದ್ದದ್ದು, ಕೋಟೆ ಬಿದ್ದದ್ದು, ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು. ಆಮೇಲೆ 1980ರ ಜುಲೈ 21. ಮಲಪ್ರಭೆಯ ಕಾಲುವೆಯ ನೀರು ಸರಿಯಾಗಿ ಸಿಗದಿದ್ದರೂ ಹೊಲಗಳ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು, ಗುಂಡಿಗೆ ಬಲಿಯಾದದ್ದು. ಇಂದಿಗೂ ಜುಲೈ 21ರಂದು ರೈತರು ಅಲ್ಲಿ ಸೇರಿ ಹುತಾತ್ಮರನ್ನು ನೆನೆಯುತ್ತಾರೆ. "ನನಗ ಆ ದಿನ ನೆನಪೈತಿ," ಎಂದು ಕಾಕಾ ನೀರು ಕುಡಿದು ಸುಮ್ಮನಾದ.

ಸಂಜೆ ಲೆಕ್ಕ ನಡೆಯಿತು. ಅವರಿಂದ ನಮಗೆ ಬಂದದ್ದು ಎರಡು ಆಳು. ನಾನೊಂದು, ಹುಡುಗಿ ಒಂದು, ಹುಡುಗ ಅರ್ಧ. ಅರ್ಧ ಆಳು ಎಂದದ್ದಕ್ಕೆ ಹುಡುಗನಿಗೆ ಸಿಟ್ಟು ಬಂತು. "ನಾನು ಅಕ್ಕನಷ್ಟೇ ಕಿತ್ತೀನಿ!" ಕಾಕು ನಕ್ಕು, "ಮುಂದಿನ ವರ್ಷ ಪೂರ್ತಿ ಆಳು ಹಿಡೀತೀವಿ ಬಾರಪಾ," ಎಂದಳು.

ಮರುದಿನ ಬಸ್ಸಿಗೆ ಹೊರಡುವಾಗ ನಾನೇ ಅವ್ವನನ್ನು ಕೇಳಿದೆ, ಹೊಲದ ಲಾವಣಿಯ ಮಾತು ಏನು ಮಾಡಿದಿ ಎಂದು.

"ಅವರ ಕಡೆ ನಮ್ಮ ಅರ್ಧ ಆಳು ಬಾಕಿ ಐತೆಲ್ಲ," ಎಂದಳು ಅವ್ವ. "ಹೊಲಾ ಲಾವಣಿಗೆ ಹಾಕಿದ್ರ ಅದನ್ನ ಎಲ್ಲಿ ತಗೋಳ್ಲಿ? ಈ ಒಂದ ವರ್ಷ ನೋಡೂಣು."

ಬಸ್ಸು ಬಂತು. ಹುಡುಗ ಸೀರೆಯ ಚೂರು ಸುತ್ತಿದ ಕೈಯನ್ನೇ ಕಿಟಕಿಯಿಂದ ಬೀಸಿದ.