ಕಾಲಿಗೆ ಮಣ್ಣು ಸಿಗದ ಬೆಕ್ಕು

ಬೆಕ್ಕು ಯಾಕೆ ಸಾಕಿದ್ದೀರಿ ಎಂದು ಹಿರಿಯೂರು ಸೀಮೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಬಬ್ಬೂರಿನಂಥ ಊರಿನ ಮನೆಗಳಲ್ಲಿ ರಾಗಿ, ಶೇಂಗಾ ಮೂಟೆ ಇರುವ ತನಕ ಇಲಿ ಇರುತ್ತದೆ, ಇಲಿ ಇರುವ ತನಕ ಬೆಕ್ಕೂ ಇರುತ್ತದೆ. ಹಿಂದೆ ಅದಕ್ಕೊಂದು ತುತ್ತು ಹಾಲು ಅನ್ನ ಹಾಕಿದರೆ ಮನೆಯವರ ಜವಾಬ್ದಾರಿ ಮುಗಿಯುತ್ತಿತ್ತು. ಹಿತ್ತಿಲಲ್ಲಿ ತಿಪ್ಪೆ ಇತ್ತು, ಒಲೆಯಿಂದ ತೆಗೆದು ಹಾಕಿದ ಬೂದಿಯ ಗುಡ್ಡೆ ಇತ್ತು, ಈರುಳ್ಳಿ ಸಸಿಗೆಂದು ಹದ ಮಾಡಿದ ಮಡಿ ಇತ್ತು. ಬೆಕ್ಕು ತನ್ನ ಪಾಡಿಗೆ ಹೋಗಿ, ಕೆರೆದು, ಕೂತು, ಮುಚ್ಚಿ ಬರುತ್ತಿತ್ತು. ಈಗ ಅದೇ ಮನೆ ಆರ್‌ಸಿಸಿ ಆಗಿದೆ, ಅಂಗಳಕ್ಕೆ ಪಾರ್ಕಿಂಗ್ ಟೈಲ್ಸ್ ಬಿದ್ದಿದೆ, ಗ್ಯಾಸ್ ಒಲೆ ಬಂದು ಬೂದಿ ಹೋಗಿದೆ, ತಿಪ್ಪೆ ಊರಾಚೆ ಸೇರಿದೆ, ಬೀದಿಗಿಳಿದರೆ ನಾಯಿಗಳ ಹಿಂಡು. ಹೀಗಿರುವಾಗ ಬೆಕ್ಕು ಹಾಸಿಗೆಯ ಮೇಲೆ, ಒಗೆಯಲು ಗುಡ್ಡೆ ಹಾಕಿದ ಬಟ್ಟೆಯ ಮೇಲೆ, ಮೂಟೆಗಳ ಸಂದಿಯಲ್ಲಿ ಗಲೀಜು ಮಾಡಿತೆಂದರೆ ಮನೆಯವರ ಬಾಯಲ್ಲಿ ಬರುವ ಮಾತು ಎರಡೇ: ಅದಕ್ಕೆ ಹಟ, ಇಲ್ಲವೆ ಅದಕ್ಕೆ ಸೇಡು. ಇವೆರಡೂ ತಪ್ಪು ತೀರ್ಮಾನಗಳು ಎಂಬುದು ನನ್ನ ವಾದ. ಕಂಡಲ್ಲಿ ಹೊಲಸು ಮಾಡುವ ಬೆಕ್ಕಿಗೆ ಒಂದೋ ಮೈ ಸರಿಯಿಲ್ಲ, ಇಲ್ಲವೇ ನಾವು ಕೊಟ್ಟ ಜಾಗ ಸರಿಯಿಲ್ಲ. ಈ ಎರಡನ್ನೂ ನೋಡದೆ ಕೋಲು ತೆಗೆದುಕೊಳ್ಳುವುದು ಅನ್ಯಾಯ.

ಸಾಕು ಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರ ಬಳಿ ಮನುಷ್ಯನ ಜೊತೆಗೇ ಹೂತಿಟ್ಟ ಬೆಕ್ಕಿನ ಅಸ್ಥಿ ಸಿಕ್ಕಿದೆ. ಅಲ್ಲೂ ಕಾಳು ಕೂಡಿಟ್ಟ ರೈತರ ಬೆನ್ನಿಗೇ ಬೆಕ್ಕು ಬಂದಂತಿದೆ. ಮರಳುಗಾಡಿನ ಆ ಪೂರ್ವಜರಿಂದ ಇವತ್ತಿನ ಬೆಕ್ಕಿಗೆ ಎರಡು ಗುಣ ಇಳಿದು ಬಂದಿವೆ. ಒಂದು, ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ಅದಕ್ಕೇ ಆ ಪರಿ ನಾತ. ಇನ್ನೊಂದು, ಸಡಿಲ ಮಣ್ಣು ಕಂಡರೆ ಕೆರೆದು ಮುಚ್ಚುವ ಬುದ್ಧಿ. ಕಣ್ಣು ಬಿಟ್ಟು ಎರಡು ಮೂರು ವಾರವಾದ ಮರಿಯನ್ನು ಮರಳಿನ ಮೇಲೆ ಬಿಟ್ಟು ನೋಡಿ, ಯಾರೂ ಹೇಳಿಕೊಡದೆ ಮುಂಗಾಲಿನಿಂದ ಕೆರೆಯಲು ಶುರುಮಾಡುತ್ತದೆ. ನಾಯಿಗೆ ನಾವು ಕಲಿಸಬೇಕಾದದ್ದನ್ನು ಬೆಕ್ಕು ಹುಟ್ಟುತ್ತಲೇ ತಂದಿರುತ್ತದೆ. ಹೀಗೆ ಹುಟ್ಟುಗುಣವಾಗಿ ಬಂದದ್ದನ್ನು ಅದು ಬಿಟ್ಟಿತೆಂದರೆ ಬಲವಾದ ಅಡ್ಡಿಯೊಂದು ಇರಲೇಬೇಕು.

ಮೊದಲು ಮೈಯ ಮಾತು, ಏಕೆಂದರೆ ಇಲ್ಲಿ ತಡವಾದರೆ ಪ್ರಾಣ ಹೋಗುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ತೀರ ಸಣ್ಣದು. ಹರಳಿನ ಪುಡಿಯೋ ಲೋಳೆಯೋ ಅಲ್ಲಿ ಕಟ್ಟಿಕೊಂಡರೆ ಮೂತ್ರ ಪೂರ್ತಿ ನಿಲ್ಲುತ್ತದೆ. ಆ ಬೆಕ್ಕು ಮತ್ತೆ ಮತ್ತೆ ಹೋಗಿ ಕೂರುತ್ತದೆ, ಬೆನ್ನು ಬಾಗಿಸಿ ತಿಣುಕುತ್ತದೆ, ಒಂದೋ ಎರಡೋ ಹನಿ ಬೀಳುತ್ತದೆ, ಕೆಲವೊಮ್ಮೆ ಅದರಲ್ಲಿ ರಕ್ತ. ಎದ್ದು ಬಂದು ಹಿಂಭಾಗ ನೆಕ್ಕಿಕೊಳ್ಳುತ್ತದೆ, ಅಳುವಂತೆ ಕೂಗುತ್ತದೆ. ನೋಡುವವರಿಗೆ ಮಲಬದ್ಧತೆ ಎನಿಸುತ್ತದೆ, ನಾಳೆ ನೋಡೋಣ ಎನ್ನುತ್ತಾರೆ. ಕಟ್ಟಿದ ಮೂತ್ರ ಬಿಡಿಸದಿದ್ದರೆ ಒಂದೆರಡು ದಿನದಲ್ಲೇ ಬೆಕ್ಕು ಸಾಯಬಹುದು. ಅದನ್ನು ಅವತ್ತೇ, ರಾತ್ರಿಯಾಗಿದ್ದರೂ, ಪಶುವೈದ್ಯರಿಗೆ ತೋರಿಸಬೇಕು. ನೋವಿದೆಯೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆ ಅರೆದು ಕುಡಿಸಿದರಂತೂ ನೇರ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ, ಅರ್ಧ ಮಾತ್ರೆಯೂ ಕೊಲ್ಲಬಲ್ಲದು. ವಯಸ್ಸಾದ ಬೆಕ್ಕಿನ ಕಥೆ ಬೇರೆ. ಅದಕ್ಕೆ ಮೂತ್ರಪಿಂಡ ಸೋತಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕೀಲು ಹಿಡಿದು, ಮಲಮೂತ್ರಕ್ಕೆಂದು ಮರಳು ತುಂಬಿಟ್ಟ ಎತ್ತರದ ಟಬ್ಬಿನ ಅಂಚು ದಾಟಲಾಗದೆ ಹೊರಗೇ ಕೂರಬಹುದು. ಏಪ್ರಿಲ್, ಮೇ ತಿಂಗಳ ಬಯಲುಸೀಮೆಯ ಬಿಸಿಲಿನಲ್ಲಿ ಒಣ ಕಾಳಿನ ಆಹಾರವನ್ನಷ್ಟೇ ತಿಂದು ನೀರು ಕುಡಿಯದ ಬೆಕ್ಕಿನ ಮೂತ್ರ ಇನ್ನೂ ಗಟ್ಟಿಯಾಗುತ್ತದೆ. ಆಹಾರವನ್ನು ನೀರಲ್ಲಿ ನೆನೆಸಿ ಕೊಡುವುದು, ಮನೆಯ ಎರಡು ಮೂರು ಕಡೆ ನೀರಿನ ಬಟ್ಟಲಿಡುವುದು ಖರ್ಚಿಲ್ಲದ ಉಪಾಯ.

ಇಷ್ಟಾದರೂ ಒಪ್ಪದವರು ಕೇಳುವ ಪ್ರಶ್ನೆಯೊಂದಿದೆ. ಡಾಕ್ಟರು ಏನೂ ಇಲ್ಲ ಅಂದರು, ಬೈದ ಮಾರನೇ ದಿನವೇ ನನ್ನ ಹಾಸಿಗೆ ಮೇಲೆ ಹೊಯ್ದಿದೆ, ಇದು ಸೇಡಲ್ಲದೆ ಮತ್ತೇನು? ಇದಕ್ಕೆ ಒಳ್ಳೆಯ ಉತ್ತರ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಮೂತ್ರಕೋಶದ ಉರಿಯೂತವಿದ್ದ 20 ಬೆಕ್ಕುಗಳನ್ನೂ ಆರೋಗ್ಯವಾಗಿದ್ದ 12 ಬೆಕ್ಕುಗಳನ್ನೂ ಅವರು 77 ವಾರ ಗಮನಿಸಿದರು. ನೋಡಿಕೊಳ್ಳುವವರು ಬದಲಾದಾಗ, ಊಟದ ವೇಳೆ ತಪ್ಪಿದಾಗ, ದಿನಚರಿ ಕೆಟ್ಟಾಗ ರೋಗವಿದ್ದವು ಮಾತ್ರವಲ್ಲ, ಆರೋಗ್ಯದ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿದವು, ಟಬ್ಬಿನ ಹೊರಗೆ ಹೊಲಸು ಮಾಡಿದವು. ಅಲ್ಲಿ ಸೇಡು ತೀರಿಸಿಕೊಳ್ಳಲು ಯಾರೂ ಇರಲಿಲ್ಲ. ಕಂಗಾಲಾದ ಮೈ ತೋರಿದ ಲಕ್ಷಣ ಅದು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ, ದೀಪಾವಳಿಯ ಪಟಾಕಿಗೆ, ಮನೆಗೆ ಬಣ್ಣ ಹೊಡೆಸಿದಾಗ ನಮ್ಮ ಬೆಕ್ಕುಗಳು ಕೆಡುವುದೂ ಇದೇ ಕಾರಣಕ್ಕೆ. ಹಾಸಿಗೆಯನ್ನೇ ಯಾಕೆ ಆರಿಸಿತು ಎಂದರೆ ಅದು ಮೆತ್ತಗಿದೆ, ಕೆರೆಯಲು ಬರುತ್ತದೆ, ಒದ್ದೆ ಹೀರುತ್ತದೆ, ಎತ್ತರದಲ್ಲಿದ್ದು ನಾಲ್ಕೂ ಕಡೆ ಕಾಣುತ್ತದೆ. ಮನೆಯೊಳಗೆ ಮಣ್ಣಿಗೆ ಹತ್ತಿರದ ವಸ್ತು ಎಂದರೆ ಅದೇ. ಮೂತಿಯನ್ನು ಹೊಲಸಿಗೆ ತಿಕ್ಕಿ ಹೊಡೆಯುವ ಹಳೆಯ ಪದ್ಧತಿಯಿಂದ ಬೆಕ್ಕು ಕಲಿಯುವುದು ನಮಗೆ ಹೆದರುವುದನ್ನಷ್ಟೇ. ಆಮೇಲೆ ನಾವು ಕಾಣದ ಮೂಲೆ ಹುಡುಕುತ್ತದೆ, ಹೆದರಿಕೆಯಿಂದ ಇನ್ನೂ ಹೆಚ್ಚು ಗಲೀಜು ಮಾಡುತ್ತದೆ.

ಇನ್ನು ಜಾಗ. ಮಾರುಕಟ್ಟೆಯ ಕ್ಯಾಟ್ ಲಿಟರ್, ಅಂದರೆ ಟಬ್ಬಿಗೆ ತುಂಬುವ ಹುಡಿ, ದುಬಾರಿ, ಅದೆಲ್ಲ ಪಟ್ಟಣದವರ ಶೋಕಿ ಎನ್ನುವವರಿದ್ದಾರೆ. ಆ ಪಟ್ಟಣದವರೂ ಮೊದಲು ಬಳಸುತ್ತಿದ್ದದ್ದು ಬೂದಿ ಮತ್ತು ಮರಳನ್ನೇ. 1947ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ನೆರೆಯಾಕೆಯೊಬ್ಬರು ಬೂದಿಯಿಂದ ಮನೆಯೆಲ್ಲ ಬೆಕ್ಕಿನ ಹೆಜ್ಜೆ ಗುರುತು ಎಂದು ಗೋಳಾಡಿದಾಗ ಎಡ್ ಲೋ ಎಂಬಾತ ಎಣ್ಣೆ ಹೀರಲು ಬಳಸುವ ಜೇಡಿಯ ಹರಳು ಕೊಟ್ಟ, ಅಲ್ಲಿಂದ ಈ ವ್ಯಾಪಾರ ಹುಟ್ಟಿತು. ಬೆಕ್ಕಿಗೆ ಬೇಕಾದದ್ದು ಸಣ್ಣ ಕಣದ, ಮೆತ್ತಗಿನ, ವಾಸನೆಯಿಲ್ಲದ ಹುಡಿ. ಜರಡಿ ಹಿಡಿದ ಮರಳು ನಡೆಯುತ್ತದೆ. ಹೊಸದುರ್ಗ, ಹಿರಿಯೂರು ಕಡೆ ತೆಂಗಿಗೆ ಬರವಿಲ್ಲ, ತೆಂಗಿನ ನಾರಿನ ಹುಡಿ ಒದ್ದೆಯನ್ನು ಚೆನ್ನಾಗಿ ಹೀರುತ್ತದೆ. ಶೇಂಗಾ ಸಿಪ್ಪೆ ಪುಕ್ಕಟೆ ಸಿಕ್ಕರೂ ಅಂಗಾಲಿಗೆ ಚುಚ್ಚುವ ಒರಟು, ಅದನ್ನು ನಾನು ಮೆಚ್ಚುವುದಿಲ್ಲ. ಯಾವುದು ಇಷ್ಟ ಎಂದು ತಿಳಿಯಲು ಎರಡು ಟಬ್ಬಿನಲ್ಲಿ ಎರಡು ಬಗೆ ತುಂಬಿ ಪಕ್ಕಪಕ್ಕ ಇಟ್ಟರೆ ಒಂದು ವಾರದಲ್ಲಿ ಬೆಕ್ಕೇ ಹೇಳುತ್ತದೆ. ಟಬ್ಬು ಬೆಕ್ಕಿನ ಉದ್ದದ ಒಂದೂವರೆಯಷ್ಟಿರಲಿ, ಅದು ಒಳಗೆ ಸಲೀಸಾಗಿ ತಿರುಗಬೇಕು. ನಾಲ್ಕೈದು ಸೆಂಟಿಮೀಟರ್ ಆಳ ಹುಡಿ ಸಾಕು. ಊಟದ ಬಟ್ಟಲಿನ ಹತ್ತಿರ, ವಾಷಿಂಗ್ ಮಷಿನ್ನಿನ ಪಕ್ಕ, ನಾಯಿ ಬರುವ ಬಾಗಿಲಲ್ಲಿ ಇಟ್ಟರೆ ಅದು ಅತ್ತ ಸುಳಿಯುವುದಿಲ್ಲ. ಎರಡು ಬೆಕ್ಕಿದ್ದರೆ ಮೂರು ಟಬ್ಬು, ಅದೂ ಬೇರೆ ಬೇರೆ ಕಡೆ. ಒಂದೇ ಕಡೆ ಸಾಲಾಗಿಟ್ಟರೆ ಜೋರಿನ ಬೆಕ್ಕು ಬಡಪಾಯಿ ಬೆಕ್ಕನ್ನು ಹತ್ತಿರ ಬಿಡುವುದಿಲ್ಲ. ದಿನಕ್ಕೊಮ್ಮೆಯಾದರೂ ಟಬ್ಬಿನ ಹೊಲಸು ಬಳಿಯಬೇಕು. ಗಂಡು ಬೆಕ್ಕು ನಿಂತುಕೊಂಡು, ಬಾಲ ಎತ್ತಿ ಅದುರಿಸುತ್ತ ಗೋಡೆಗೆ ಚಿಮ್ಮಿಸಿದರೆ ಅದು ಗಡಿ ಗುರುತು, ಟಬ್ಬು ಬದಲಿಸಿ ಪ್ರಯೋಜನವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡುಗಳಲ್ಲಿ ಅದು ನಿಲ್ಲುತ್ತದೆ ಅಥವಾ ಅಪರೂಪವಾಗುತ್ತದೆ.

ಎಲ್ಲ ಸರಿಮಾಡಿದ ಮೇಲೂ ಹಳೆಯ ಜಾಗಕ್ಕೇ ಹೋಗುತ್ತದೆ ಎಂಬ ದೂರು ಬಂದರೆ ನೆಲ ಒರೆಸುವ ರೀತಿಯನ್ನು ನೋಡಬೇಕು. ನಮ್ಮಲ್ಲಿ ಎಲ್ಲದಕ್ಕೂ ಫಿನಾಯಿಲ್. ಪ್ಯಾರಾಸಿಟಮಾಲ್ ಕರಗಿಸಲಾಗದ ಅದೇ ಯಕೃತ್ತು ಫಿನಾಯಿಲ್ ಜಾತಿಯ ರಾಸಾಯನಿಕವನ್ನೂ ಕರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಪಂಜ ನೆಕ್ಕಿದ ಬೆಕ್ಕಿನ ಹೊಟ್ಟೆಗೆ ಅದು ಸೇರುತ್ತದೆ. ಫಿನಾಯಿಲ್ ನಮ್ಮ ಮೂಗಿಗೆ ನಾತ ಮುಚ್ಚಿದರೂ ಬೆಕ್ಕಿನ ಮೂಗಿಗೆ ಹಳೆಯ ಗುರುತು ಹಾಗೇ ಸಿಗುತ್ತದೆ. ಮೊದಲು ಬಟ್ಟೆಯಿಂದ ಒದ್ದೆ ಹೀರಿಸಿ, ಎಂಜೈಮ್ ಇರುವ ಬಟ್ಟೆ ಒಗೆಯುವ ಪುಡಿಯ ನೀರಲ್ಲಿ ತೊಳೆದು, ಬರೀ ನೀರಲ್ಲಿ ಒರೆಸಿ ಒಣಗಿಸಬೇಕು. ಕೆಲವು ದಿನ ಅದೇ ಜಾಗದಲ್ಲಿ ಊಟದ ಬಟ್ಟಲಿಟ್ಟರೆ ಬೆಕ್ಕು ಅಲ್ಲಿ ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ.

ಹಳ್ಳಿಯಲ್ಲವೇ, ಹೊರಗೆ ಬಿಟ್ಟರೆ ಮುಗಿಯಿತು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹಿತ್ತಿಲಿದ್ದವರು ಗೋಡೆಯ ಪಕ್ಕ ಒಂದು ಚದರ ಗಜದಷ್ಟು ಜಾಗ ಸಿಮೆಂಟ್ ಹಾಕದೆ ಬಿಟ್ಟು ಮರಳು ತುಂಬಿದರೆ ಒಳಗಿನ ಟಬ್ಬೇ ಬೇಡವಾಗಬಹುದು. ಆದರೆ ಸುಮ್ಮನೆ ಹೊರಗಟ್ಟಿದ ಬೆಕ್ಕು ಪಕ್ಕದವರ ಸೊಪ್ಪಿನ ಮಡಿಗೇ ಹೋಗುತ್ತದೆ. ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಬಸುರಿಯರಿಗೆ ಅದು ಹೊಸದಾಗಿ ತಗುಲಿದರೆ ಹೊಟ್ಟೆಯ ಕೂಸಿಗೆ ಅಪಾಯ. ಹೊರಬಿದ್ದ ಮಲದಲ್ಲಿ ಅದು ಸೋಂಕು ಹಚ್ಚುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಹಿಡಿಯುವುದರಿಂದ ದಿನಾ ಬಳಿದರೆ ಭಯ ಬಹುಪಾಲು ತಪ್ಪುತ್ತದೆ. ಮನೆಯಲ್ಲಿ ಬಸುರಿಯಿದ್ದರೆ ಬಳಿಯುವ ಕೆಲಸ ಬೇರೆಯವರು ಮಾಡಲಿ, ಬಳಿದದ್ದನ್ನು ತರಕಾರಿ ಮಡಿಯ ಗೊಬ್ಬರಕ್ಕೆ ಸೇರಿಸದೆ ದೂರದಲ್ಲಿ ಆಳವಾಗಿ ಹೂಳಲಿ.