ಬಿಸಿನೀರಿನ ಸ್ನಾನ ಕೊಡುವ ಸುಳಿವು

ನಿಲ್ಲದ ವಾಂತಿ, ಹೊಟ್ಟೆ ನುಲಿತ. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಮುಗಿದರೂ ಕಾರಣ ಸಿಗುವುದಿಲ್ಲ. ರೋಗಿ ಮಾತ್ರ ಮತ್ತೆ ಮತ್ತೆ ಬಚ್ಚಲಿಗೆ ಹೋಗಿ ಸುಡುಸುಡು ನೀರು ಸುರಿದುಕೊಳ್ಳುತ್ತಾನೆ. ಮೈಮೇಲೆ ಬಿಸಿನೀರು ಬೀಳುವಷ್ಟು ಹೊತ್ತು ಸಂಕಟ ಇಳಿಯುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದರು. ಅವರೆಲ್ಲ ವರ್ಷಗಟ್ಟಲೆ ಗಾಂಜಾ ಸೇದಿದವರು. ಬಿಟ್ಟವರಿಗೆ ವಾಂತಿ ನಿಂತಿತು, ಮತ್ತೆ ಶುರು ಮಾಡಿದವರಿಗೆ ಮರುಕಳಿಸಿತು.

ಕ್ಯಾನ್ಸರ್ ಚಿಕಿತ್ಸೆಯ ವಾಕರಿಕೆಗೆ ಔಷಧವಾಗಿ ಬಳಕೆಯಾಗುವುದೂ ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ. ಹಾಗಾಗಿ ಇದೇ ವಾಂತಿ ತರಿಸುತ್ತದೆ ಎಂದರೆ ರೋಗಿ ನಂಬುವುದಿಲ್ಲ. ಸಂಕಟ ಹೆಚ್ಚಾದಷ್ಟೂ ಹೆಚ್ಚು ಸೇದುತ್ತಾನೆ. ದೇಹದ ನೀರು ಬತ್ತಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು.

ಟಿಎಚ್‌ಸಿ ಹಿಡಿದುಕೊಳ್ಳುವುದು ಮಿದುಳಿನ ಸಿಬಿ1 ಎಂಬ ಗ್ರಾಹಕಗಳನ್ನು. ನೆನಪು, ಹಸಿವು, ನಿದ್ದೆ, ಭಯ ಇವೆಲ್ಲದರಲ್ಲೂ ಅವುಗಳ ಕೈವಾಡವಿದೆ. ಅದಕ್ಕೇ ನಶೆಯಲ್ಲಿ ಕಣ್ಣು ಕೆಂಪಾಗಿ, ಬಾಯಿ ಒಣಗಿ, ಎದೆಬಡಿತ ಏರುವುದರ ಜೊತೆಗೆ ಹೊತ್ತು ನಿಧಾನವಾಗಿ ಸರಿದಂತೆ ತೋರುತ್ತದೆ, ವಿಪರೀತ ಹಸಿವಾಗುತ್ತದೆ. ಕೆಲವರಿಗೆ ಯಾರೋ ಬೆನ್ನಟ್ಟಿದಂತೆ ದಿಗಿಲು. ಭಂಗಿಯನ್ನು ತಿಂದರೆ ಅಥವಾ ಕುಡಿದರೆ ಅಮಲೇರಲು ಒಂದೆರಡು ಗಂಟೆ ಹಿಡಿಯಬಹುದು. ಏನೂ ಆಗಲಿಲ್ಲವೆಂದು ಇನ್ನಷ್ಟು ಕುಡಿದವರ ಪಾಡು ಆಮೇಲೆ ಬಿಗಡಾಯಿಸುತ್ತದೆ.

ದಿನವೂ ಸೇದಿದರೆ ಮಿದುಳು ಈ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಥಟ್ಟನೆ ಬಿಟ್ಟಾಗ ಕಾಣುವ ತೊಂದರೆಗಳ ಬೇರು ಇಲ್ಲಿದೆ. ಒಂದೆರಡು ದಿನದಲ್ಲಿ ಸಿಡುಕು, ಚಡಪಡಿಕೆ, ಊಟ ಸೇರದಿರುವುದು, ನಿದ್ದೆಗೇಡು ಶುರುವಾಗುತ್ತವೆ. ಬೆವರು, ನಡುಕ, ತಲೆನೋವೂ ಬರಬಹುದು. ಮೊದಲ ವಾರ ಕಠಿಣ. ಎರಡು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ, ನಿದ್ದೆಯ ತೊಂದರೆ ಮತ್ತು ಕೆಟ್ಟ ಕನಸು ಇನ್ನೂ ಕೆಲವು ವಾರ ಉಳಿಯಬಹುದು. ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ ಎಂಬ ಮಾತು ಬಹುಕಾಲ ನಡೆದಿತ್ತು. ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಬಿಟ್ಟಾಗಿನ ಈ ತೊಂದರೆ ಸೇರಿದ್ದೇ 2013ರಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಈ ಹಂತದಲ್ಲಿ ಆಗುವ ತಪ್ಪು ತಿಳಿವಳಿಕೆ. ನಾಲ್ಕನೆಯ ರಾತ್ರಿಯೂ ಕಣ್ಣು ಮುಚ್ಚಲಾಗದ ಹುಡುಗ ಮತ್ತೆ ಸೇದುತ್ತಾನೆ, ನಿದ್ದೆ ಹತ್ತುತ್ತದೆ. ಗಾಂಜಾ ತನಗೆ ಮದ್ದು ಎಂದೇ ಅವನು ತೀರ್ಮಾನಿಸುತ್ತಾನೆ. ಮನೆಯವರಿಗೆ ಕಾಣುವುದು ಅವನ ಕೋಪ ಮಾತ್ರ, ಬೈಗುಳ ಶುರುವಾಗುತ್ತದೆ. ಇದು ಕೆಲವೇ ದಿನಗಳ ಕಾಟ ಎಂದು ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಆ ವಾರ ದಾಟುವುದು ಎಷ್ಟೋ ಸುಲಭ.

ಆದರೆ ಇಲ್ಲದ ದನಿ ಕೇಳಿಸುವುದು, ಎಲ್ಲರ ಮೇಲೂ ಸಂಶಯ, ಸಾಯುವ ಮಾತು ಇವು ಕಂಡರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದಂತೆ ಸಲಹೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ವಾಂತಿಯೆಂದು ವೈದ್ಯರ ಬಳಿ ಹೋದವರು ಬಿಸಿನೀರಿನ ಸಂಗತಿಯನ್ನೂ ಗಾಂಜಾ ಸಂಗತಿಯನ್ನೂ ಮುಚ್ಚಿಡದೆ ಹೇಳಿದರೆ ಎಷ್ಟೋ ಪರೀಕ್ಷೆಗಳು ಉಳಿಯುತ್ತವೆ.