ಜ್ವರ ಇಲ್ಲ ಅಂದ್ರೆ ಸೋಂಕಿಲ್ಲ ಅಂತಲ್ಲ!

ವೀಕ್ಷಕರೇ, ಇವತ್ತು ರಾಜಕೀಯ ಬದಿಗಿಡೋಣ. ಕೀಲು ನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ನಿಮ್ಮ ಮನೆಯವರ ಬಗ್ಗೆ ಮಾತಾಡೋಣ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ರಾಶಿ ಮುಗಿಯೋ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಮಾತು: "ಕಾಲು ಭಾಳ ಬ್ಯಾನಿ ಆಗ್ಲಾಕತ್ತಾವ್ರಿ." ಇದರಲ್ಲಿ ಹೆಚ್ಚಿನದು ವಯಸ್ಸಿನ ಸವೆತ. ಕೆಲವರದು ಮಾತ್ರ ಬೇರೆ. ಬೆಳಗ್ಗೆ ಎದ್ದರೆ ಎರಡೂ ಕೈಯ ಬೆರಳು ಬಾತಿರುತ್ತವೆ, ಮುಷ್ಟಿ ಕಟ್ಟಲು ಬರೋದಿಲ್ಲ. ಇದು ರುಮಟಾಯ್ಡ್ ಸಂಧಿವಾತ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂಗೆ!

ಅದಕ್ಕೇ ವೈದ್ಯರು ಆ ಬೇಲಿಯನ್ನು ಕೊಂಚ ತಗ್ಗಿಸುವ ಔಷಧಿ ಕೊಡ್ತಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್, ಅದಕ್ಕೂ ಜಗ್ಗದಿದ್ದರೆ ಬಯಾಲಾಜಿಕ್ ಇಂಜೆಕ್ಷನ್. ಸ್ಟಿರಾಯ್ಡ್ ಕಥೆ ಹಳೆಯದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದೇ ರೋಗಕ್ಕೆ ಮೊದಲು ಕಾರ್ಟಿಸೋನ್ ಕೊಟ್ಟರು, 1950ರಲ್ಲಿ ನೊಬೆಲ್ ಬಂತು. ಸರಿಯಾದ ಚಿಕಿತ್ಸೆ ಇಲ್ಲದಿದ್ದರೆ ಕೀಲುಗಳು ಸೊಟ್ಟಗಾಗುತ್ತವೆ. ಹಾಗಾಗಿ ಔಷಧಿ ಬೇಕೇ ಬೇಕು.

ಪ್ರಶ್ನೆ ಇರೋದು ಇಲ್ಲಿ. ತಗ್ಗಿದ ಬೇಲಿ ಹಾರಿ ಬ್ಯಾಕ್ಟೀರಿಯಾ ಒಳಗೆ ಬಂದರೆ ಗೊತ್ತಾಗೋದು ಹೇಗೆ?

ಜ್ವರ, ಕೆಂಪು, ಬಾವು, ಇವೆಲ್ಲ ಮೈ ಹೋರಾಡುತ್ತಿರುವ ಗುರುತು. ಸ್ಟಿರಾಯ್ಡ್ ಆ ಹೋರಾಟವನ್ನೇ ಮಂಕು ಮಾಡುತ್ತದೆ. ಒಳಗೆ ನ್ಯುಮೋನಿಯಾ ಇದ್ದರೂ ಹೊರಗೆ ಮೈ ಬೆಚ್ಚಗಾಗದೇ ಇರಬಹುದು.

ರಕ್ತದ ರಿಪೋರ್ಟ್ ನೋಡಿದರೆ ಸಾಕಲ್ವಾ? ಸಾಲದು. ಇಎಸ್‌ಆರ್, ಸಿಆರ್‌ಪಿ ಸಂಧಿವಾತ ಕೆರಳಿದಾಗಲೂ ಏರುತ್ತವೆ. ಬಿಳಿ ರಕ್ತಕಣಗಳನ್ನು ಸ್ಟಿರಾಯ್ಡೇ ಏರಿಸುತ್ತದೆ. ಟೊಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ ಪಡೆಯುವವರಲ್ಲಿ ಸೋಂಕಿದ್ದರೂ ಸಿಆರ್‌ಪಿ ಏರದೇ ಇರಬಹುದು. ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆ ಇವಕ್ಕಿಂತ ಮೇಲು, ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಅದು ಚೆನ್ನಾಗಿ ಏರುತ್ತದೆ. ಆದರೆ ಸೋಂಕು ಒಂದೇ ಕೀಲಿನಲ್ಲಿ ಅಡಗಿದ್ದರೆ ಅದೂ ಸುಮ್ಮನಿರಬಹುದು. ಕೊನೆಗೆ ಗಟ್ಟಿ ಸಾಕ್ಷಿ ಎರಡು: ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ತೆಗೆದ ರಕ್ತದ ಕಲ್ಚರ್, ಬಾತ ಕೀಲಿನಿಂದ ಸೂಜಿಯಲ್ಲಿ ತೆಗೆದ ನೀರಿನ ಪರೀಕ್ಷೆ.

ಕ್ಷಯವನ್ನೂ ಮರೆಯಬೇಡಿ, ಅದೂ ಬ್ಯಾಕ್ಟೀರಿಯಾವೇ. ಮಲಗಿದ್ದ ಕ್ಷಯವನ್ನು ಕೆಲವು ಬಯಾಲಾಜಿಕ್‌ಗಳು ಎಬ್ಬಿಸುತ್ತವೆ. ಅದಕ್ಕೇ ಇಂಜೆಕ್ಷನ್‌ಗೆ ಮೊದಲು ಎದೆಯ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಟಿಬಿ ಪರೀಕ್ಷೆ ಮಾಡಿಸೋದು.

ಈಗ ಊರಲ್ಲಿ ಆಗೋದು ನೋಡಿ. ಒಂದು ಮೊಣಕಾಲು ಮಾತ್ರ ದಿಢೀರನೆ ಬಾತು ಸುಡುತ್ತದೆ. "ಹಳೇ ವಾತ, ಒಂದು ಸೂಜಿ ಹಾಕ್ರಿ ಡಾಕ್ಟ್ರೇ" ಅಂತೀವಿ. ಆ ಸೂಜಿಯಲ್ಲಿ ಸ್ಟಿರಾಯ್ಡ್ ಇದ್ದರೆ ನೋವು ಎರಡು ದಿನ ಇಳಿಯುತ್ತದೆ, ಕೀವು ಏರುತ್ತದೆ. ಕೀಲಿನೊಳಗಿನ ಕೀವು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ, ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು. ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗೋದೂ ಅಪಾಯ. ಕಲ್ಚರ್‌ನಲ್ಲಿ ರೋಗಾಣು ಸಿಗದೇ ಹೋಗಬಹುದು. ಕೋಟ್ರೈಮಾಕ್ಸಜೋಲ್ ಅನ್ನೋ ಮಾಮೂಲಿ ಮಾತ್ರೆ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳೇ ಕುಸಿಯಬಹುದು.

ಹಾಗಾದ್ರೆ ಏನು ಮಾಡಬೇಕು? ಒಂದೇ ಕೀಲು ಬಾತು ಬಿಸಿಯಾದರೆ, ಥಂಡಿ ನಡುಕ ಬಂದರೆ, ಏದುಸಿರು ಬಿಟ್ಟರೆ, ಮಾತು ತೊದಲಿದರೆ ಅವತ್ತೇ ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಪರೀಕ್ಷೆಗೆ ಕಲಬುರಗಿಯ ಜಿಮ್ಸ್‌ಗೆ ಕಳಿಸಿದರೆ "ನಾಳೆ ನೋಡೋಣ" ಅನ್ನಬೇಡಿ. ಸ್ಟಿರಾಯ್ಡನ್ನು ನೀವಾಗಿ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಆ ವಾರದ ಮೆಥೊಟ್ರೆಕ್ಸೇಟ್ ತಗೋಬೇಕಾ ಬೇಡವಾ, ವೈದ್ಯರನ್ನೇ ಕೇಳಿ.

ಎಲ್ಲಕ್ಕಿಂತ ಮುಖ್ಯ, ಮಾತ್ರೆ ಚೀಟಿ ಜೊತೆಗಿರಲಿ. ಯಾವ ಡಾಕ್ಟರ ಮುಂದೆ ಕೂತರೂ ಮೊದಲು ಹೇಳಬೇಕಾದ್ದು ನೋವಿನ ಕಥೆಯಲ್ಲ: "ನಾನು ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ತಗೋತೀನಿ ಸಾಹೇಬ್ರೇ." ಈ ಒಂದು ಮಾತು ಗೊತ್ತಾದರೆ, ಥರ್ಮಾಮೀಟರ್ ಸುಮ್ಮನಿದ್ದರೂ ಡಾಕ್ಟರು ಸುಮ್ಮನಿರೋದಿಲ್ಲ.